ಶಿವರಾತ್ರಿ ಕಳೆದರೂ ಹೋಗದ ಚಳಿ

ಇಲ್ಲಿ ನಮ್ಮ ಚೆಂಡು ಹೂವಿನ ಸಸಿಗಳು ಹುಟ್ಟಿದ್ದು ಬಟ್ಟೆಯ ಕಪಾಟಿನೊಳಗೆ. ಸೂರ್ಯನ ಬದಲು ಟ್ಯೂಬ್‌ಲೈಟು, ಗಾಳಿಯ ಬದಲು ಟೇಬಲ್ ಫ್ಯಾನು. ಗಾಳಿ ತಾಗದಿದ್ದರೆ ಕಾಂಡ ಗಟ್ಟಿಯಾಗುವುದಿಲ್ಲವಂತೆ.

"ಏನವಾ, ಚೆಂಡ್ ಹೂವಿಗೆ ಫ್ಯಾನ್ ಹಚ್ಚೀಯಾ? ಇನ್ನ ಹಾಸಿಗಿ ಹಾಸೂದೊಂದ ಬಾಕಿ ಉಳದದ!" ಹುಬ್ಬಳ್ಳಿಯಿಂದ ವಿಡಿಯೋ ಕಾಲಿನಲ್ಲಿ ಅವ್ವ ನಕ್ಕಳು.

ನನಗೆ ನಗು ಬರಲಿಲ್ಲ. ಡಲ್ಲಾಸ್ ಪಕ್ಕದ ಇರ್ವಿಂಗಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ ತೋರಣ ಕಟ್ಟಿದವಳು ನಾನು. ಈಗ ಅಲ್ಲೇ ಹತ್ತಿರದ ಕಾಪೆಲ್‌ನಲ್ಲಿ ಸ್ವಂತ ಮನೆ, ಹಿಂದೆ ಒಂದಿಷ್ಟು ಮಣ್ಣು. ಈ ದಸರೆಗೆ ಬಾಗಿಲಿಗೆ ನಮ್ಮ ನೆಲದ ಹೂವೇ ಆಗಬೇಕೆಂಬ ಹಟ. ನರ್ಸರಿಯ ಕುಳ್ಳ ಗಿಡಗಳಿಗೆ ನಮ್ಮೂರ ಹೂವಿನ ಆ ಘಾಟು ವಾಸನೆ ಇಲ್ಲ. ಹಾಗಾಗಿ ದೂರ ದಕ್ಷಿಣದ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿರುವ ಗಿರಿಜಾ ಆಂಟಿ ತಮ್ಮಲ್ಲಿದ್ದ ಒಣ ಹೂವನ್ನೆಲ್ಲ ಬೀಜಕ್ಕೆಂದು ಕೊಟ್ಟಿದ್ದರು.

"ಶಿವರಾತ್ರಿ ಆತಂದ್ರ ನೆಲಕ್ಕ ಹಚ್ಚಿಬಿಡ್ರಿ," ಎಂದಿದ್ದರು.

ನನಗೂ ಅದು ಸರಿಯೆನಿಸಿತು. ನಮ್ಮೂರಲ್ಲಿ ಶಿವರಾತ್ರಿಯೇ ಚಳಿಯ ಕೊನೆ. ಆಮೇಲೆ ರಗ್ಗುಗಳನ್ನು ಬಿಸಿಲಿಗೆ ಹಾಕಿ ಮಡಚಿಡುತ್ತಿದ್ದೆವು. ಇಲ್ಲಿಯೂ ಹಬ್ಬದ ಮರುದಿನ ಬೆವರು ಬರುವಂಥ ಬಿಸಿಲು. ಸಸಿಗಳನ್ನು ಹೊರಗೊಯ್ಯುವಾಗ ಮಗಳು ಅನು ಫೋನ್ ನೋಡುತ್ತಾ, "ಅಮ್ಮಾ, ವೇಯ್ಟ್. ಇಟ್ಸ್ ಗೋಯಿಂಗ್ ಟು ಫ್ರೀಜ್ ಅಗೇನ್," ಎಂದಳು.

"ಸುಮ್ನಿರು. ಇಂಥಾ ಬಿಸಿಲಾಗ ಎಲ್ಲೀ ಚಳಿ?"

ಸಸಿ ನೆಟ್ಟ ವಾರವೇ ಫ್ರಾಸ್ಟ್ ಬಿತ್ತು. ದೂರದಿಂದ ನಮ್ಮ ಇಬ್ಬನಿಯಂತೆಯೇ ಕಾಣುತ್ತದೆ. ಆದರೆ ಎಲೆಯೊಳಗಿನ ನೀರನ್ನೂ ಹೆಪ್ಪುಗಟ್ಟಿಸುತ್ತದೆ. ಬಿಸಿಲೇರುವ ಹೊತ್ತಿಗೆ ಸಸಿಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿದ್ದವು.

"ಅಯ್ಯ, ನಮ್ಮ ಕಡೆ ಏನೂ ಆಗಿಲ್ರೀ!" ಎಂದರು ಆಂಟಿ ಫೋನಿನಲ್ಲಿ. ಹ್ಯೂಸ್ಟನ್ನಿನ ಬೆಚ್ಚಗಿನ ಶಿವರಾತ್ರಿ ಡಲ್ಲಾಸಿಗೆ ಸಲ್ಲದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಬೀಜ ಅವರಲ್ಲಿಯೂ ಉಳಿದಿರಲಿಲ್ಲ.

ಸಿಟ್ಟಿನಲ್ಲಿ ಅವ್ವನಿಗೆ ಫೋನ್ ಮಾಡಿದೆ. "ನಮ್ಮ ಹಿತ್ತಲದಾಗ ದೇವರ ಹೂವಾ ಒಗದ್ರ ಸಾಕಿತ್ತು, ತಾವ ಹುಟ್ಟತಿದ್ದುವು."

"ನಮ್ಮ ಹಿತ್ತಲದಾಗ? ಅಲ್ಲಿ ಫರಸಿ ಹಾಕಿಸಿತ್ತಲ್ಲವಾ. ನೀ ಹರಕೊಂಡ ಬರತಿದ್ದದ್ದು ಬಾಜೂ ಮನಿಯವರ ಹೂವಾ!"

ಇಷ್ಟು ವರ್ಷ ನೆನೆದು ನೆನೆದು ನಾನು ಹಂಬಲಿಸಿದ ಹಿತ್ತಲು ನಮ್ಮದೇ ಅಲ್ಲವೇ? ಅಥವಾ ಅವ್ವನೇ ಮರೆತಿರಬಹುದೇ? ಯಾರನ್ನು ಕೇಳಲಿ? ಕಲ್ಲುಹಾಸನ್ನು ಎಷ್ಟು ನೆನಪಿಸಿಕೊಂಡರೂ ಅದರ ಸಂದಿನಲ್ಲಿ ಚೆಂಡು ಹೂವೇ ಕಾಣುತ್ತದೆ.

ಖಾಲಿ ಕಪಾಟಿನಿಂದ ಫ್ಯಾನಿನ ಸದ್ದು ಕೇಳಿ ಆಫ್ ಮಾಡಲು ಹೋದೆ. ಸಸಿಯಿದ್ದ ಒಂದು ಕುಂಡ ಇನ್ನೂ ಅಲ್ಲೇ ಇತ್ತು. ನನ್ನ ಮಾತು ನಂಬದೆ ಅನು ಅದನ್ನು ಹಿಂದೆ ಸರಿಸಿಟ್ಟಿದ್ದಳು.

ಒಂದು ಗಿಡದ ಹೂವಿನಿಂದ ತೋರಣವಾಗದು. ಆದರೂ ಹೊರಗಿನ ಗಾಳಿಗೆ ರೂಢಿಯಾಗಲೆಂದು ಅದನ್ನು ಬೆಳಿಗ್ಗೆ ಅಂಗಳಕ್ಕೆ ಒಯ್ಯುತ್ತೇನೆ, ಸಂಜೆ ಕಪಾಟಿಗೆ ತರುತ್ತೇನೆ.

"ನೆಲಕ್ಕ ಹಚ್ಚಲೇನ?" ಎಂದು ದಿನವೂ ಕೇಳುತ್ತೇನೆ.

ಅನು ಫೋನ್ ನೋಡುತ್ತಾಳೆ. "ನಾಟ್ ಯೆಟ್, ಅಮ್ಮಾ."

ಕುಂಡ ಹಿಡಿದು ನನ್ನದೇ ಮನೆಯ ಹೊಸ್ತಿಲಲ್ಲಿ ನಿಂತಿರುತ್ತೇನೆ. ಹೊರಗೋ ಒಳಗೋ ಎಂದು ಹೇಳಬೇಕಾದವಳು ಈಗ ಅವಳು.