ಡ್ರಮ್ಮಿನ ಹುಡುಗಿ ಕೊಟ್ಟ ಸಾಲು

ತೆಲುಗು ನಾಡಿನ ಮಧುರವಾಡದ ಕಾಲೇಜೊಂದರ ಕಾರ್ಯಕ್ರಮಕ್ಕೆ ನಮ್ಮ ಬ್ಯಾಂಕಿನ ಪರವಾಗಿ ಹೋಗಿದ್ದೆ. ನಾಲ್ವರು ಹುಡುಗಿಯರ ಬ್ಯಾಂಡು ತಾವೇ ಕೂಡಿ ಬರೆದ ತೆಲುಗು ಪ್ರೇಮಗೀತೆ ಹಾಡುತ್ತಿತ್ತು. ಪಲ್ಲವಿ ಬಂದಾಗ ಬೆಚ್ಚಿಬಿದ್ದೆ. ಅದು ಅಚ್ಚ ಕನ್ನಡ: “ಬೆಕ್ಕು ಬಂತು, ಬಾಗ್ಲು ಹಾಕೇ!” ಸಭೆಗೆ ಸಭೆಯೇ ಕಣ್ಣುಮುಚ್ಚಿ ದನಿಗೂಡಿಸುತ್ತಿತ್ತು.

ಹಾಡು ಮುಗಿದ ಮೇಲೆ ಹೋಗಿ, ನಾನು ಕನ್ನಡದವನೆಂದು ಹೇಳಿ ವಿಚಾರಿಸಿದೆ. “ಆ ಸಾಲು ನಂದು ಸಾರ್,” ಎಂದಳು ಡ್ರಮ್ ಬಾರಿಸುವವಳು, ತೆಲುಗಿನಲ್ಲೇ. “ನಮ್ಮಜ್ಜಿ ತುಮಕೂರಿನವರು. ನಾನು ಮನೆಗೆ ಬಂದಾಗೆಲ್ಲ ಹೀಗನ್ನುತ್ತಿದ್ದರು, ಪ್ರೀತಿಯ ಮಾತೇ ಇರಬೇಕು ಅಂದುಕೊಂಡಿದ್ದೆ. ಅವರು ಹೋದ ಮೇಲೆ ಮನೆಯಲ್ಲಿ ಯಾರಿಗೂ ಕನ್ನಡ ಬರಲ್ಲ. ಏನರ್ಥ ಸಾರ್?”

ಇದ್ದದ್ದನ್ನು ಹೇಳಿಬಿಟ್ಟೆ. ಉಳಿದ ಮೂವರು ಬಿದ್ದುಬಿದ್ದು ನಕ್ಕರು. ಅವಳ ಕಣ್ಣು ತುಂಬಿತು. “ಅಜ್ಜಿ ನನ್ನನ್ನ ಬೈತಿದ್ದರಾ?”

“ನಿನ್ನನ್ನಲ್ಲಮ್ಮ, ಬೆಕ್ಕನ್ನ.”

ಪಲ್ಲವಿ ಬದಲಾಯಿಸಬೇಡಿ ಎಂದೂ ಹೇಳಿ ಬಂದೆ. ಪ್ರೇಮಗೀತೆಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ಮಾತನ್ನು ನಾನಂತೂ ಕೇಳಿರಲಿಲ್ಲ.