ನಾಗಣ್ಣ ಸಿಂಹಾಸನ ಬಿಟ್ಟ ಬಗೆ

ರಾಜನನ್ನು ಕೆಳಗಿಳಿಸುವುದು ಬರೆಯುವಾಗ ಬಹಳ ಸುಲಭ. ಇಂಗ್ಲೆಂಡಿನ ಹಳೆಯ ಕಾಲದ ದೊರೆಯೊಬ್ಬ ದಾಯಾದಿಗೆ ಕಿರೀಟ ಬಿಟ್ಟುಕೊಟ್ಟ ಕಥೆಯನ್ನು ನಾಟಕ ಮಾಡಿದಾಗ ನನಗೆ ಆ ಕೆಲಸಕ್ಕೆ ಒಂದು ಭಾನುವಾರ ಸಾಕಾಗಿತ್ತು. ನಾಗಣ್ಣನವರನ್ನು ಇಳಿಸಲು ಮಾತ್ರ ವಾರಗಟ್ಟಲೆ ನಿದ್ದೆ ಕೆಟ್ಟೆ.

ನಾಗಣ್ಣ ಚಾಮರಾಜಪೇಟೆಯ ನಮ್ಮ ಹವ್ಯಾಸಿ ತಂಡದ ಕಾಯಂ ರಾಜರು. ಬ್ಯಾಂಕಿನಿಂದ ನಿವೃತ್ತರಾಗಿದ್ದರು, ಸಿಂಹಾಸನದಿಂದ ಆಗಿರಲಿಲ್ಲ. ಕನ್ನಡನಾಡಿನ ಅರಸರನ್ನೆಲ್ಲ ಮುಗಿಸಿ ಈಗ ಇಂಗ್ಲೆಂಡಿಗೆ ಬಂದಿದ್ದರು. ತೊಂದರೆಯೆಂದರೆ, ಮಾತು ಮರೆತಾಗ ಅವರು ಸುಮ್ಮನಾಗುತ್ತಿರಲಿಲ್ಲ. ಹಿಂದಿನ ಯಾವುದೋ ನಾಟಕದ ರಾಜ್ಯಕ್ಕೆ ಹೊರಟುಬಿಡುತ್ತಿದ್ದರು. ಲಂಡನ್ನಿನ ಕೋಟೆಯಲ್ಲಿ ಕಿರೀಟ ತೆಗೆಯಬೇಕಾದ ದೊರೆ ಇದ್ದಕ್ಕಿದ್ದಂತೆ ಆನೆಗಳನ್ನು ತುಂಗಭದ್ರೆ ದಾಟಿಸಲು ಆಜ್ಞೆ ಮಾಡುತ್ತಿದ್ದ. ಎದುರಿಗೆ ದಾಯಾದಿಯಾಗಿ ನಿಂತ ವಸಂತ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು, ಆನೆಗಳಿಗೆ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿಯುತ್ತಿದ್ದ.

"ಪಾತ್ರ ಬಿಡಿ ಅಂತ ನೀವೇ ಹೇಳಿ ಮೇಡಂ, ಬರೆದೋರು ನೀವು," ಎಂದ ವಸಂತ. "ನಾನು ಹೇಳಿದ್ರೆ ಪಾತ್ರ ಕಿತ್ಕೊಳ್ಳೋಕೆ ಬಂದ ಅಂತಾರೆ."

ಪ್ರದರ್ಶನ ಹತ್ತಿರವಿತ್ತು. ಹೇಳದಿದ್ದರೆ ನಾಟಕ ಹೋಗುತ್ತದೆ, ಹೇಳಿದರೆ ನಾಗಣ್ಣ ಹೋಗುತ್ತಾರೆ. ನಾಗಣ್ಣ ಬಾರದ ಸಂಜೆಯ ತಾಲೀಮು ನನಗೆ ಊಹೆಗೂ ಬರುತ್ತಿರಲಿಲ್ಲ.

ಕಿರೀಟ ಕೊಡುವ ಆ ದೃಶ್ಯದ ಬಗ್ಗೆಯೂ ಒಂದು ಮಾತು. ಗೆದ್ದವರು ಬರೆಸಿಟ್ಟ ದಾಖಲೆಯಂತೆ ರಾಜ ನಗುನಗುತ್ತಾ ಕಿರೀಟ ಕೊಟ್ಟನಂತೆ. ಸೋತ ಕಡೆಯವರು ಹಾಗೆನ್ನುವುದಿಲ್ಲ. ಅಚ್ಚುಕಟ್ಟಾದ ನೆನಪುಗಳನ್ನು ನಾನು ನಂಬುವವಳಲ್ಲ. ಹಾಗಾಗಿ ಅದನ್ನು ಮೂರು ಸಲ ಬರೆದಿದ್ದೆ. ಒಮ್ಮೆ ರಾಜ ನಗುತ್ತಾನೆ, ಒಮ್ಮೆ ಅಳುತ್ತಾನೆ, ಕೊನೆಯ ಸಲ ಕಿರೀಟವೇ ಸಿಗುವುದಿಲ್ಲ. "ಜನಕ್ಕೆ ಬಸ್ ತಪ್ಪತ್ತೆ" ಎಂದು ತಂಡದವರು ಎರಡನ್ನು ಹೊಡೆದುಹಾಕಿದರು. ನನ್ನ ಪ್ರಯೋಗಗಳು ಸಾಮಾನ್ಯವಾಗಿ ಮುಗಿಯುವುದೇ ಹೀಗೆ.

ಕೊನೆಗೆ ತ್ಯಾಗರಾಜನಗರದ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಪೀಠಿಕೆ ಕಟ್ಟಿಕೊಂಡಿದ್ದೆ. ಕಾಫಿ ಲೋಟ ಕೈಗೆ ಬರುವ ಮೊದಲೇ ನಾಗಣ್ಣ ಕೇಳಿದರು, "ಏನಮ್ಮಾ, ಪದಚ್ಯುತಿ ಮಾಡೋಕೆ ಬಂದ್ಯಾ?"

ನನ್ನ ಪೀಠಿಕೆ ಅಲ್ಲೇ ಉದುರಿತು.

"ಬಂದಿದ್ದು ಒಳ್ಳೇದಾಯ್ತು ಬಿಡು. ಬಾಯಿ ತೆಗೆದ್ರೆ ಯಾವ ರಾಜ ಈಚೆ ಬರ್ತಾನೋ ಅಂತ ನಂಗೇ ಭಯ."

"ಮತ್ತೆ ನೀವೇ ಒಂದು ಮಾತು ಹೇಳಬಾರದಿತ್ತಾ ನಾಗಣ್ಣ?"

"ಹೇಳಿದ್ರೆ ನೀವು ಬಿಡ್ತಿದ್ರಾ? 'ಛೇ ಛೇ, ನೀವಿಲ್ದೆ ನಾಟಕನಾ' ಅಂತ ಎಲ್ಲ ಸೇರಿ ಮತ್ತೆ ಕೂರಿಸ್ತಿದ್ರಿ. ನಿಮ್ಮ ಮರ್ಯಾದೆ ನಂಗೊತ್ತಿಲ್ವಾ?"

ನಿಜ, ಕೂರಿಸುತ್ತಿದ್ದೆವು. ಊಟ ಸಾಕೆಂದವರ ಎಲೆಗೆ ಇನ್ನೊಂದು ಸೌಟು ಸಾರು ಬಡಿಸುವ ಜನ ನಾವು. ಸಿಂಹಾಸನ ಸಾಕೆಂದವರನ್ನು ಬಿಟ್ಟೇವೇ?

ಅವರು ಇದನ್ನೆಲ್ಲ ನಗುತ್ತಾ ಹೇಳಿದರು ಎಂದು ಬರೆಯಹೊರಟಾಗ ಕೈ ತಡೆಯಿತು. ವಸಂತ ರಾಜನಾದ, ದಾಯಾದಿಯ ಪಾತ್ರಕ್ಕೆ ಗಡ್ಡ ಅಂಟಿಸಿಕೊಂಡು ನಾನೇ ನಿಂತೆ. ಅಂದರೆ ನಾನೀಗ ಗೆದ್ದ ಕಡೆಯವಳು, ನನ್ನ ಸಾಕ್ಷಿ ನಡೆಯದು. ಅದಕ್ಕೇ ಅವರ ಹೆಂಡತಿ ವಿಮಲಮ್ಮನವರನ್ನು ಕೇಳಿದೆ. "ನಕ್ಕರೋ ಇಲ್ವೋ ಅಡುಗೆಮನೆಗೆ ಕಾಣಲಿಲ್ಲಮ್ಮ," ಎಂದರು. "ನೀನು ಹೋದಮೇಲೆ ಮಲಗಿದೋರು ಗೊರಕೆ ಹೊಡೆದ್ರು ನೋಡು, ಪಕ್ಕದ ಮನೆಗೂ ಕೇಳಿಸೋ ಹಾಗೆ." ಚರಿತ್ರೆಕಾರರಿಗೆ ಇಂಥ ಸಾಕ್ಷಿ ಸಿಗುವುದು ಅಪರೂಪ. ನಾನೂ ಅಂದು ಚೆನ್ನಾಗಿ ನಿದ್ದೆ ಮಾಡಿದೆ.

ಪ್ರದರ್ಶನದ ದಿನ ನಾಗಣ್ಣ ಮುಂದಿನ ಸಾಲಿನಲ್ಲೇ ಕೂತಿದ್ದರು. ಕಿರೀಟ ಕೊಡುವ ದೃಶ್ಯದಲ್ಲಿ ವಸಂತನಿಗೆ ಮಾತು ಮರೆಯಿತು. ನನಗೂ ಹೊಳೆಯಲಿಲ್ಲ, ಬರೆದವಳು ನಾನೇ ಆದರೂ. ಇಬ್ಬರೂ ಅಭ್ಯಾಸಬಲದಿಂದ ಅವರ ಕಡೆ ನೋಡಿದೆವು. ಮಡಿಲ ಮೇಲೆ ಕರವಸ್ತ್ರ ಹಾಸಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ ನಾಗಣ್ಣ ಒಮ್ಮೆ ತಲೆಯೆತ್ತಿದರು. ಆಮೇಲೆ ಪಕ್ಕದಲ್ಲಿದ್ದ ವಿಮಲಮ್ಮನಿಗೆ, ವೇದಿಕೆಯವರೆಗೂ ಕೇಳುವಂತೆ ಹೇಳಿದರು: "ನನ್ನ ಯಾಕೆ ನೋಡ್ತಾರೆ? ನಾನು ಟಿಕೆಟ್ ತಗೊಂಡು ಬಂದಿರೋನು."