ಕಣದ ಮಳೆ

ನಾನು ಹೊಸಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ನನ್ನ ಮೂಗಿನ ತುದಿಯ ಸಿಟ್ಟು ಮನೆಯವರಿಗೆಲ್ಲ ಗೊತ್ತು. ಆದರೂ ಸಮೇತನಹಳ್ಳಿಯ ದೊಡ್ಡಮ್ಮ ತಾನು ರಾಗಿ ಒಕ್ಕುವ ಕಣದ ಅಂಚಿನಲ್ಲಿ ನನ್ನ ಪ್ರಯೋಗದ ನಾಲ್ಕು ಪೆಟ್ಟಿಗೆಗಳಿಗೆ ಜಾಗ ಕೊಟ್ಟಿದ್ದಳು.

ಆಕಾಶದಾಚೆಯಿಂದ ಬರುವ ಪ್ರೋಟಾನ್ ಒಂದು ಮೇಲಿನ ಗಾಳಿಗೆ ಡಿಕ್ಕಿ ಹೊಡೆದರೆ ಹೊಸ ಕಣಗಳು ಹುಟ್ಟುತ್ತವೆ. ಅವೂ ಡಿಕ್ಕಿ ಹೊಡೆಯುತ್ತವೆ. ನೆಲ ಮುಟ್ಟುವ ಹೊತ್ತಿಗೆ ಕಣಗಳದೇ ಸುರಿಮಳೆ. ಯಾವ ಯಂತ್ರಕ್ಕೂ ಎಟುಕದ ರಭಸದ ಡಿಕ್ಕಿಗಳೂ ಅದರಲ್ಲಿರುತ್ತವೆ. ಬಿದ್ದ ಮಳೆಯನ್ನು ಅಳೆದು, ಮೇಲಿನ ಆ ಮೊದಲ ಡಿಕ್ಕಿ ಎಂಥದ್ದೆಂದು ಲೆಕ್ಕ ಹಾಕುವುದು ನಮ್ಮ ಕೆಲಸ. ನಾಲ್ಕೂ ಪೆಟ್ಟಿಗೆಗಳು ಒಟ್ಟಿಗೆ ಮಿನುಗಿದರೆ ಮಳೆ ಬಿತ್ತೆಂದು ಅರ್ಥ. ಒಂದು ಕೈಕೊಟ್ಟರೂ ಎಲ್ಲ ಹಾಳು.

ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ಬೆಳಿಗ್ಗೆ ನಾಲ್ಕೂ ಸರಿಯಾಗಿ ನಡೆದವು. ಕಾಲೇಜಿನ ಕಂಪ್ಯೂಟರ್ ಮುಂದೆ ಕೂತು ದೊಡ್ಡಮ್ಮನಿಗೆ ಫೋನ್ ಮಾಡಿದೆ.

“ಕರೆಂಟ್ ಐತಾ ದೊಡ್ಡಮ್ಮ?”

“ಐತೆ ಕಣವ್ವಾ. ನಿನ್ ಕೆಲ್ಸ ಹೆಂಗೈತೆ?”

“ಅಯ್ಯೋ, ಕೇಳ್ಬೇಡ! ಇವತ್ತು ಕಣದ್ ಮಳೆ ಜೋರೋ ಜೋರು!”

ಸ್ವಲ್ಪ ಹೊತ್ತಿಗೆ ಒಂದು ಪೆಟ್ಟಿಗೆ ಸತ್ತುಹೋಯಿತು. ಸಿಟ್ಟು ನೆತ್ತಿಗೇರಿ ಸ್ಕೂಟರ್ ಹತ್ತಿದೆ. ಕಣದಲ್ಲಿ ಹರಡಿದ ರಾಗಿ ಬಿಸಿಲಿಗೆ ಹಾಗೇ ಬಿದ್ದಿತ್ತು. ನನ್ನ ಪೆಟ್ಟಿಗೆಗಳ ಮೇಲೆ ಮಾತ್ರ ಟಾರ್ಪಾಲು! ವೈರು ಕಿತ್ತುಬಂದಿತ್ತು.

ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದಳು.

“ಮುಟ್ಬೇಡ ಅಂತ ಎಷ್ಟ್ ಸಲ ಬಡ್ಕೊಂಡಿದೀನಿ! ತಲೇಲಿ ಏನ್ ತುಂಬ್ಕೊಂಡಿದ್ಯಾ?” ಎಂದು ಕಿರುಚಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

“ನೀನೇ ಅಂದ್ಯಲ್ಲವ್ವಾ, ಕಣ್ದಾಗೆ ಮಳೆ ಜೋರು ಅಂತ. ಮೋಡ ಇರ್ಲಿಲ್ಲ. ಆದ್ರೂ ಓದಿರೋಳು ಸುಮ್ನೆ ಹೇಳ್ತಾಳಾ ಅಂತ ಓಡ್ದೆ. ವೈರು ಕಾಲಿಗ್ ತೊಡರ್ಕೊಂಡು ಬಿದ್ಬಿಟ್ಟೆ.”

ಆಗ ಕಂಡಿತು, ಸೆರಗಿನಡಿ ಬಚ್ಚಿಟ್ಟುಕೊಂಡಿದ್ದ ಬಲಗೈ. ಮಣಿಕಟ್ಟು ಊದಿತ್ತು, ಅರಿಶಿನ ಮೆತ್ತಿದ್ದಳು. ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಈ ಊರಲ್ಲೇ ಆಡಿ ಬೆಳೆದವಳು ನಾನು. ಇಲ್ಲಿ ಕಣವೆಂದರೆ ರಾಗಿ ಒಕ್ಕುವ ಜಾಗವೆಂಬುದೇ ನನಗೆ ಮರೆತುಹೋಗಿತ್ತು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ರಾಗಿ ಯಾಕೆ ಹಂಗೇ ಬಿಟ್ಟೆ?” ಎಂದೆ.

“ರಾಗಿ ನೆಂದ್ರೆ ಒಣಗಿಸ್ಕೋಬೋದು. ಅದ್ಕೇ ನಿನ್ ಪೆಟ್ಗೆ ಮೊದ್ಲು ಮುಚ್ದೆ.”

ಆ ಪೆಟ್ಟಿಗೆಗಳು ಎಂಥ ಮಳೆಗೂ ನೆನೆಯದಂತೆ ಮಾಡಿಸಿದವು. ಅದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಆಸ್ಪತ್ರೆಗೆ ಹೋಗುವಾಗ ಸ್ಕೂಟರಿನ ಹಿಂದಿನಿಂದ ಕೇಳಿದಳು, “ಅವಕ್ಕೇನೂ ಆಗಿಲ್ಲ ತಾನೆ?”

“ನೀನು ಮುಚ್ಚಿದ್ದಕ್ಕೇ ಉಳ್ಕೊಂಡ್ವು ದೊಡ್ಡಮ್ಮ,” ಎಂದೆ.